ಮೂರನೇ ಮಹಡಿಯ ಚಪ್ಪಲಿಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿಜಯವಾಡದ ಆಟೋನಗರ್ ಬದಿಯ ಠಾಣೆಗೆ ಅಣ್ಣಪ್ಪ ಬಂದರು. ಬ್ಯಾಂಕಿನ ಶಾಖೆಯೊಂದರ ಮ್ಯಾನೇಜರು, ಊರು ಧಾರವಾಡ, ವರ್ಗವಾಗಿ ಬಂದು ಎರಡನೇ ವರ್ಷ. ಬರೆದುಕೊಂಡು ಬಂದ ದೂರನ್ನು ಇನ್‌ಸ್ಪೆಕ್ಟರ್ ಲಕ್ಷ್ಮೀಪ್ರಸನ್ನ ಅವರ ಮುಂದಿಟ್ಟು ತೆಲುಗಿನಲ್ಲಿ ಮಾತು ಶುರುಮಾಡಿದರು. ನಾಲ್ಕು ಮಾತಿಗೇ ಮುಗ್ಗರಿಸಿದರು.

"ಕನ್ನಡದಲ್ಲೇ ಹೇಳಿ. ನಮ್ಮಮ್ಮನ ಊರು ರಾಯದುರ್ಗ" ಎಂದರು ಲಕ್ಷ್ಮೀಪ್ರಸನ್ನ.

ಅಷ್ಟು ಕೇಳಿದ್ದೇ ತಡ, ಅಣ್ಣಪ್ಪನವರ ಮಾತು ಕಟ್ಟೆ ಒಡೆದ ಕಾಲುವೆಯಾಯಿತು. ವಿಜಯವಾಡದಲ್ಲಿ ಕೆಲಸಕ್ಕಿರುವ ಆರು ಮಂದಿ ಕನ್ನಡಿಗರು ಭಾನುವಾರ ಅವರ ಮನೆಯಲ್ಲಿ ಸೇರುತ್ತಿದ್ದರು. ಉಪ್ಪಿಟ್ಟು, ಕಾಫಿ, ಆಮೇಲೆ ಷೇರಿನ ಮಾತು. ವಿಶಾಖಪಟ್ಟಣದ 'ಶ್ರವಣ ನೆಟ್‌ಫೋನ್' ಎಂಬ ಸಣ್ಣ ಕಂಪನಿ ಕಣ್ಣಿಗೆ ಬಿತ್ತು. ಸಿಮ್ ಬೇಡ, ತಂತಿ ಬೇಡ, ಇಂಟರ್ನೆಟ್ಟಿನ ಮೇಲೇ ಫೋನ್ ಮಾತು. ಷೇರು ಇನ್ನೂ ಪೇಟೆಗೆ ಬಂದಿಲ್ಲ, ಬಂದರೆ ಹತ್ತು ಪಟ್ಟು ಎಂದಿದ್ದ ಅದರ ಮಾಲೀಕ ಫಣಿ. ಇವರೇನು ಕಣ್ಣುಮುಚ್ಚಿ ಬಾವಿಗೆ ಹಾರಿದವರಲ್ಲ. ಒಬ್ಬರು ಅದರ ಕಾಗದಪತ್ರ ಓದಿದರು, ಒಬ್ಬರು ಆ ಫೋನಿನಲ್ಲಿ ಊರಿಗೆ ಮಾತಾಡಿ ನೋಡಿದರು. ಆರು ಮಂದಿಯಲ್ಲಿ ಒಬ್ಬಳಾದ, ತರಬೇತಿಗೆಂದು ವಿಶಾಖಪಟ್ಟಣಕ್ಕೆ ಹೊರಟಿದ್ದ ಬ್ಯಾಂಕ್ ಗುಮಾಸ್ತೆ ಗಿರಿಜಾಗೆ ಕಚೇರಿಯನ್ನು ನೋಡಿಬರುವ ಕೆಲಸ ಬಿತ್ತು.

"ಹಾಲ್ ತುಂಬ ಮಂದಿ ಅದಾರ, ಎಲ್ಲಾರ ಕಿವಿಗೂ ಫೋನ್ ಐತಿ ಅಂತ ಬಂದು ಹೇಳಿದ್ಳ್ರೀ. ಆಕಿ ಮಾತು ನಂಬಿ ಆರೂ ಮಂದಿ ರೊಕ್ಕ ಹಾಕಿದ್ವಿ. ಈಗ ಅಲ್ಲಿ ಆಫೀಸೂ ಇಲ್ಲ, ಫಣೀನೂ ಇಲ್ಲ. ಆಕಿನೂ ಅವನ ಜೋಡಿ ಶಾಮೀಲ್ರೀ. ಆಕಿ ಹೆಸರೂ ಬರೀರಿ."

"ಬರೆದರೆ ಅವರಿಗೆ ಏನಾಗುತ್ತೆ, ಗೊತ್ತಾ?"

ಅಣ್ಣಪ್ಪ ಮೇಜು ನೋಡಿದರು. "ಗೊತ್ತೈತ್ರಿ. ಬ್ಯಾಂಕಿನವರು ಸಸ್ಪೆಂಡ್ ಮಾಡ್ತಾರ."

"ಹೆಸರು ಬರೆಯೋಕೆ ಒಂದು ಗಳಿಗೆ ಸಾಕು ಸಾರ್, ಅಳಿಸೋಕೆ ಒಂದು ಜನ್ಮ ಸಾಲದು. ವಿಚಾರಿಸಿ ಬರೀತೀನಿ."

ವಂಚನೆಯ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮೊದಲ ಆರೋಪಿ ಫಣಿ. ಗಿರಿಜಾಳನ್ನು ಆರೋಪಿ ಎನ್ನದೆ, ಅವಳ ಪಾತ್ರ ತನಿಖೆಗೆ ಒಳಪಟ್ಟಿದೆ ಎಂದಷ್ಟೇ ಬರೆಯಲಾಯಿತು. ಫಣಿಯ ಬ್ಯಾಂಕ್ ಖಾತೆ ತಡೆಹಿಡಿಯುವಂತೆ ಆಗಲೇ ಪತ್ರ ಹೋಯಿತು.

ಮಧ್ಯಾಹ್ನ ಗಿರಿಜಾ ಬಂದಳು. ತುಮಕೂರಿನ ಕಡೆಯವಳು. ಅತ್ತು ಅತ್ತು ಕಣ್ಣು ಊದಿದ್ದವು, ದನಿ ಮಾತ್ರ ನಡುಗಲಿಲ್ಲ.

"ನಿಮ್ಮ ದುಡ್ಡೂ ಹೋಗಿದೆಯಾ?"

"ಹೋಗಿದೆ ಮೇಡಂ. ದುಡ್ಡು ಹೋದ್ರೆ ದುಡೀಬೌದು. ನೆನ್ನೆ ಅಣ್ಣಪ್ಪ ಸಾರ್ ಮನೇಲಿ ನಂಗೆ ಯಾರೂ ಕೂತ್ಕೋ ಅನ್ಲಿಲ್ಲ."

"ಅವತ್ತು ಹೋಗಿದ್ದನ್ನ ಮೆಟ್ಟಿಲಿಂದ ಹೇಳಿ."

"ಮೂರನೇ ಮಹಡಿ. ಬಾಗಿಲ ಹೊರಗೆ ರಾಶಿ ಚಪ್ಪಲಿ. ನಾನೂ ಬಿಟ್ಟೆ. ಒಳಗೆ ನಲವತ್ತು ಜನ ಇದ್ರೇನೋ, ಎಲ್ಲಾ ಮಾತಾಡ್ತಿದ್ರು. ಫಣಿ ಪಕ್ಕದಲ್ಲೇ ಇದ್ದ. ಅವನು ಕಾಫಿ ತರೋಕೆ ಹೋದಾಗ ಒಂದು ಹುಡುಗಿ ಕೈಮುಗಿದು, 'ನನ್ನ ಸೆಲೆಕ್ಟ್ ಮಾಡಿ ಮೇಡಂ' ಅಂದ್ಳು. ಮುಖ ಬಾಡಿತ್ತು. ಊಟ ಆಯ್ತಾ ಅಂತ ಕೇಳ್ದೆ. ಅಷ್ಟರಲ್ಲಿ ಅವನು ಬಂದ."

"ಅದನ್ನ ಉಳಿದವರಿಗೆ ಹೇಳಿದಿರಾ?"

"ಬಡ್ತಿ ಕೇಳ್ತಿದಾಳೆ ಅನ್ಕೊಂಡೆ ಮೇಡಂ. ಅದರಲ್ಲಿ ಹೇಳೋದೇನಿದೆ?"

ಅವಳು ಹೋದಮೇಲೆ ಲಕ್ಷ್ಮೀಪ್ರಸನ್ನ ಹೆಡ್ ಕಾನ್‌ಸ್ಟೇಬಲ್ ಕಾಮೇಶ್ವರನ ಕಡೆ ತಿರುಗಿದರು. "ದಿನವೂ ಕೆಲಸ ಮಾಡುವ ಆಫೀಸಿನ ಹೊರಗೆ ಯಾರಾದರೂ ಚಪ್ಪಲಿ ಬಿಡ್ತಾರಾ?"

"ನಮ್ಮ ಹುಡುಗ ಟ್ಯೂಷನ್‌ಗೆ ಹೋದರೆ ಬಿಡ್ತಾನೆ ಮೇಡಂ. ಎರಡು ಜೊತೆ ಕಳೆದುಕೊಂಡೂ ಬಂದಿದ್ದಾನೆ."

ಲಕ್ಷ್ಮೀಪ್ರಸನ್ನ ನಕ್ಕರು. "ಹಾಗಾದರೆ ಅಲ್ಲಿದ್ದವರು ನೌಕರರಲ್ಲ, ಒಂದು ದಿನದ ಮಟ್ಟಿಗೆ ಬಂದ ಹುಡುಗರು. ರೈಲು ಹತ್ತೋಣ ನಡಿ."

ಮಂಗಳವಾರ ವಿಶಾಖಪಟ್ಟಣದ ದ್ವಾರಕಾನಗರದಲ್ಲಿ ಇಬ್ಬರು ಪಂಚರ ಎದುರು ಆ ಹಾಲ್‌ನ ಬೀಗ ತೆಗೆಸಿ ಪಂಚನಾಮೆ ಮಾಡಿದರು. ಖಾಲಿ ನೆಲ, ಗೋಡೆಗೆ ಒರಗಿಸಿದ ಬಾಡಿಗೆ ಕುರ್ಚಿಗಳು, ಮೂಲೆಯಲ್ಲೊಂದು ತುಂಡಾದ ವೈರು. ಹಾಲ್ ಅನ್ನು ದಿನದ ಬಾಡಿಗೆಗೆ ಕೊಡುವುದೆಂದು ಕಾವಲುಗಾರ ಹೇಳಿದ. ಆ ಬೀದಿಯ ತುಂಬ ಕೋಚಿಂಗ್ ಸೆಂಟರುಗಳು. ಕಾಮೇಶ್ವರ ಒಂದೊಂದರ ಮೆಟ್ಟಿಲನ್ನೂ ಹತ್ತಿ ಇಳಿದ. ಐದನೆಯ ಕಡೆ, ಇಂಗ್ಲಿಷ್ ಮಾತು ಕಲಿಸುವ ಮೇಷ್ಟರು ತಲೆಯಾಡಿಸಿದರು: ಹೌದು, ಫೋನ್ ಕಂಪನಿಯ ಕೆಲಸಕ್ಕೆ ಪರೀಕ್ಷೆ ಎಂದು ಒಬ್ಬರು ಹುಡುಗ ಹುಡುಗಿಯರನ್ನು ಕೇಳಿ ಕರೆಸಿಕೊಂಡಿದ್ದರು.

ಗಿರಿಜಾಗೆ ಕೈಮುಗಿದವಳು ಸಿಕ್ಕಿದಳು. ಹೆಸರು ಜಾಹ್ನವಿ, ಔಷಧಿ ಅಂಗಡಿಯಲ್ಲಿ ಕೆಲಸ. ಕಾಮೇಶ್ವರ ಮೊಬೈಲಿನಲ್ಲಿ ತೋರಿಸಿದ ಫೋಟೋಗಳಲ್ಲಿ ಫಣಿಯನ್ನೂ ಗಿರಿಜಾಳನ್ನೂ ಗುರುತಿಸಿದಳು.

"ಇವರ ಬಗ್ಗೆ ನಿಮಗೆ ಏನು ಹೇಳಿದ್ದರಮ್ಮಾ?" ಗಿರಿಜಾಳ ಫೋಟೋ ತೋರಿಸಿ ಕೇಳಿದರು ಲಕ್ಷ್ಮೀಪ್ರಸನ್ನ.

"ವಿಜಯವಾಡದಿಂದ ಮೇಡಂ ಬರುತ್ತಾರೆ, ಅವರೇ ಆರಿಸುವುದು, ಅವರ ಹತ್ತಿರ ಯಾರೂ ಮಾತಾಡಕೂಡದು ಎಂದಿದ್ದರು. ನನಗೆ ತಡೆಯಲಾಗಲಿಲ್ಲ, ಕೇಳಿಬಿಟ್ಟೆ. ಅವರು ಊಟ ಆಯಿತಾ ಎಂದರು. ಇಷ್ಟು ಒಳ್ಳೆಯವರ ಕೈಕೆಳಗೆ ಕೆಲಸ ಸಿಕ್ಕರೆ ಸಾಕು ಅಂದುಕೊಂಡೆ."

ಲಕ್ಷ್ಮೀಪ್ರಸನ್ನ ಪಕ್ಕಕ್ಕೆ ತಿರುಗಿದರು. "ನೋಡಿದೆಯಾ ಕಾಮೇಶ್ವರ? ನಾಟಕವಾಡಿದ್ದೇ ಗಿರಿಜಾಳಿಗೆ ತೋರಿಸಲು. ಕಳ್ಳತನಕ್ಕೆ ಪಾಲುಗಾರ್ತಿಯಾಗಿದ್ದರೆ ಅವಳ ಮುಂದೆ ವೇಷ ಕಟ್ಟುವ ಕರ್ಮ ಅವನಿಗೇನಿತ್ತು?"

ಜಾಹ್ನವಿ ಹಿಂದೆಮುಂದೆ ನೋಡಿ ಕೇಳಿದಳು. "ಹಾಗಾದರೆ ಆ ಕೆಲಸ ಇಲ್ಲವಾ ಮೇಡಂ? ಸಾರ್ ಪ್ರತಿ ವಾರ ಫೋನ್ ಮಾಡುತ್ತಾರಲ್ಲ! ಇನ್ನಷ್ಟು ದಿನ ತಾಳಿ, ಕರೆಸಿಕೊಳ್ಳುತ್ತೇನೆ ಅನ್ನುತ್ತಾರೆ."

ಹಣ ಹಾಕಿದವರ ಬಳಿ ಇದ್ದದ್ದು ಸತ್ತ ನಂಬರು. ಇದು ಬೇರೆ, ಬದುಕಿತ್ತು. ಅದರ ಜಾಡು ಮಂಗಳಗಿರಿಯಲ್ಲಿ ನಿಂತಿತು.

ಗುರುವಾರ ಸಂಜೆ ಐದಕ್ಕೆ, ಅಲ್ಲಿಯ ಠಾಣೆಗೆ ತಿಳಿಸಿ, ನೇಕಾರರ ಬೀದಿಯ ಒಂದು ಮನೆಗೆ ಹೋದರು. ಅದು ಫಣಿಯ ಅಕ್ಕನ ಮನೆ. ಒಳಗೆ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಪೊಲೀಸರನ್ನು ಕಂಡು ನಿಂತಿತು. ಚಾಪೆಯ ಮೇಲಿದ್ದ ಫಣಿ ಓಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದುನಿಂತ. ಬಂಧನದ ಕಾರಣ ಓದಿ ಹೇಳಿ, ಅಕ್ಕನ ಸಹಿ ಪಡೆದರು.

ಜೀಪಿನಲ್ಲಿ ಲಕ್ಷ್ಮೀಪ್ರಸನ್ನ ಕೇಳಿದರು. "ದುಡ್ಡು ಹಾಕಿದವರ ಫೋನ್ ಎತ್ತಲಿಲ್ಲ. ಕೆಲಸಕ್ಕೆ ಕಾದವರಿಗೆ ಮಾತ್ರ ಯಾಕೆ ಮಾಡಿದೆ?"

ಫಣಿ ಹೊರಗೆ ನೋಡುತ್ತಲೇ ಹೇಳಿದ.

"ಆ ಫೋನ್ ಸುಳ್ಳಲ್ಲ ಮೇಡಂ, ನಾನೇ ಕಟ್ಟಿದ್ದು. ನಾಲ್ಕು ವರ್ಷ ಖಾಲಿ ಕುರ್ಚಿಗಳ ಮುಂದೆ ಕೂತೆ. ಬಂದವರೆಲ್ಲ, ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ಕೇಳಿ ಎದ್ದುಹೋದರು. ಒಂದು ದಿನ ತುಂಬಿ ತೋರಿಸಿದರೆ ದುಡ್ಡು ಬರುತ್ತೆ, ಆಮೇಲೆ ನಿಜವಾಗಿ ತುಂಬಿಸ್ತೀನಿ ಅಂದುಕೊಂಡೆ. ದುಡ್ಡು ಬಂದಮೇಲೆ ಮುಟ್ಟೋಕೆ ಧೈರ್ಯ ಬರಲಿಲ್ಲ. ಆ ಮಕ್ಕಳಿಗೆ ಫೋನ್ ಮಾಡಿದಾಗ ಮಾತ್ರ ಕಂಪನಿ ಇದೆ ಅನಿಸ್ತಿತ್ತು."

ಧೈರ್ಯ ಬರಲಿಲ್ಲ ಎಂದವನು ಅಷ್ಟಿಷ್ಟು ಮುಟ್ಟಿಯೂ ಇದ್ದ. ಆದರೂ ಬಹುಪಾಲು ಖಾತೆಯಲ್ಲೇ ಇತ್ತು. ನ್ಯಾಯಾಲಯದ ಅಪ್ಪಣೆಯಾದರೆ ಆರೂ ಮಂದಿಗೆ ಮರಳುವಂಥದ್ದು. ಎಫ್‌ಐಆರ್‌ನಲ್ಲಿ ಆರೋಪಿ ಒಬ್ಬನೇ ಉಳಿದ. ಗಿರಿಜಾ ಸಾಕ್ಷಿಯಾದಳು.

ಮರುದಿನ ಹೇಳಿಕೆಗೆ ಸಹಿ ಹಾಕಿ ಅವಳು ಹೊರಡುವಾಗ, ಅಣ್ಣಪ್ಪ ಠಾಣೆಯ ಬೇವಿನ ಮರದಡಿ ಕಾಯುತ್ತಿದ್ದರು.

"ತಂಗಿ, ನನ್ನ ಬಾಯಿಗೆ ಹುಳ ಬೀಳ್ಲಿ. ಐತವಾರ ಬಾರವ್ವಾ. ನೀ ಕುಂತ ಮ್ಯಾಲೇ ನಾ ಕೂಡೋದು."

ಗಿರಿಜಾ ಮರದ ನೆರಳಿಗೆ ಬಂದು ನಿಂತಳು.

"ಬರ್ತೀನಿ ಸಾರ್" ಎಂದಳು. "ಆದ್ರೆ ಇನ್ಮೇಲೆ ನೋಡೋಕೆ ನನ್ನೊಬ್ಬಳನ್ನೇ ಕಳಿಸ್ಬೇಡಿ. ನೀವೂ ಬನ್ನಿ. ನಾನು ಒಳಗೆ ನೋಡ್ತೀನಿ, ನೀವು ಬಾಗಿಲ ಹೊರಗಿನ ಚಪ್ಪಲಿ ನೋಡಿ."