ಅವನು ಕಣ್ಣು ಮುಚ್ಚಿ ಕೂತ ಬೆಳಗುಗಳು

ಬಿಪಿ ನೋಡಲು ರೋಗಿಯ ತೋಳಿಗೆ ಪಟ್ಟಿ ಸುತ್ತುತ್ತಿದ್ದ ನರ್ಸ್ ಶೃತಿ, ಮುಖ ನೋಡಿದವಳೇ ಗಕ್ಕನೆ ನಿಂತಳು.

ಮಲ್ಲಿಕಾರ್ಜುನಸ್ವಾಮಿ... ಅವಳ ಗಂಡ.

ಅವನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಈಗ ಕೊಳ್ಳೇಗಾಲದ ಈ ಆಸ್ಪತ್ರೆಯಲ್ಲಿ, ಇಷ್ಟು ಹತ್ತಿರದಲ್ಲಿ...

"ನೀನು ಇಲ್ಲಿಗೆ ಸೇರಿದ್ದೀಯ ಅಂತ ಗೊತ್ತಿರ್ನಿಲ್ಲ," ಎಂದ ಅವನು. "ಬ್ಯಾರೆಯವರ ತಾವ ಓಗ್ಲಾ?"

"ಬೇಡ. ಕೈ ಸಡಿಲ ಬಿಡಿ."

ಬಿಪಿ ಸರಿಯಾಗಿತ್ತು. ಅವನ ಚೀಟಿಯಲ್ಲಿ ಬಿಪಿ ಮಾತ್ರೆಯ ಹೆಸರಿತ್ತು.

"ನಿಮಗೆ ಬಿಪಿ ಯಾವಾಗಿಂದ?"

"ಮಗು ಕಳ್ಕಂಡಾಗಿಂದ."

ಶೃತಿ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು.

ಐದು ತಿಂಗಳಿಗೇ ಹೊಟ್ಟೆಯಲ್ಲೇ ಹೋದ ಮಗು ಅದು. ಆಮೇಲೆ ಅವನು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೊರಡುವ ಮೊದಲು, ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಇವಳು ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಿದ್ದಳು.

'ನನ್ನ ಕಣ್ಣೀರು ನೋಡೋಕೂ ಇವರಿಗೆ ಇಷ್ಟವಿಲ್ಲ...'

ಒಂದು ದಿನ ಎದುರಿಗೇ ನಿಂತು ಕೇಳಿದ್ದಳು, "ನಿಮಗೆ ದುಃಖವೇ ಇಲ್ವಾ?" ಅವನು ಕಣ್ಣು ತೆರೆಯಲಿಲ್ಲ. ಅಂದೇ ಅವಳು ಮಾಂಬಳ್ಳಿಯ ತವರಿಗೆ ಹೊರಟುಬಿಟ್ಟಿದ್ದಳು.

"ಅವತ್ತು ಯಾಕೆ ಮಾತಾಡಲಿಲ್ಲ ನೀವು?"

"ಬಾಯಿ ಬುಟ್ಟಿದ್ರೆ ಅತ್ತುಬುಡ್ತಿದ್ದೆ, ಶೃತಿ. ರಾತ್ರಿಯೆಲ್ಲಾ ನಿದ್ದೆ ಇರ್ನಿಲ್ಲ, ಎದೆ ಡವಡವ ಅಂತಿತ್ತು. ಡಾಕ್ಟ್ರು ಮಾತ್ರೆ ಕೊಟ್ಟು, ದಿನಾ ಸುಮ್ನೆ ಕೂತು ಉಸಿರಿನ ಮ್ಯಾಲೆ ಗ್ಯಾನ ಇಡಪ್ಪ ಅಂದ್ರು. ನಂಗೆ ಗೊತ್ತಿದ್ದುದು ಲಿಂಗಪೂಜೆ ಒಂದೇ. ಅಂಗೆ ಕೂತ್ರೆ ಕೈ ನಡುಗೋದು ನಿಲ್ತಿತ್ತು."

"ನನಗೊಂದು ಮಾತು ಹೇಳಬಾರದಿತ್ತಾ?"

"ನೀನೇ ಅಷ್ಟು ನೊಂದಿದ್ದೆ. ನನ್ ಸಂಕ್ಟಾನೂ ನಿನ್ ಮ್ಯಾಲೆ ಯಾಕೆ ಆಕ್ಲಿ ಅಂತ..."

ಊರವರ ಬಿಪಿಯನ್ನೆಲ್ಲ ನೋಡಿದ್ದಳು. ಒಂದೇ ಮನೆಯಲ್ಲಿದ್ದವನ ಕೈ ಒಮ್ಮೆಯೂ ಹಿಡಿದು ನೋಡಿರಲಿಲ್ಲ.

"ಈಗ ನಿದ್ದೆ ಬರುತ್ತಾ?"

"ಬತ್ತದೆ. ಡಾಕ್ಟ್ರು ಮಾತ್ರೇನೂ ಕಮ್ಮಿ ಮಾಡವ್ರೆ." ಅವನು ತಲೆ ತಗ್ಗಿಸಿದ. "ಆದ್ರೆ ಕಣ್ಣು ಬುಟ್ಟು ನೋಡಿದ್ರೆ ಮನೇಲಿ ನೀನಿರಾಕಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನು ದುಡುಕಿದೆ ರೀ. ಒಂದಿನ ನಿಮ್ಮ ಪಕ್ಕ ಕೂತಿದ್ರೆ ಸಾಕಿತ್ತು... ಮಗೂಗೆ ಒಂದು ಹೆಸರೂ ಇಡಲಿಲ್ಲ ನಾವು."

"ನಾನು ಇಟ್ಟಿವ್ನಿ," ಎಂದ ಅವನು ಮೆಲ್ಲಗೆ. "ಮನಸಲ್ಲೇ ಕರೀತೀನಿ. ಯೋಳ್ಳಾ?"

ಶೃತಿ ಅವನ ಅಂಗೈ ಹಿಡಿದುಕೊಂಡಳು.

"ಇಲ್ಲಿ ಬೇಡ. ನಾಳೆ ಬೆಳಿಗ್ಗೆ, ನಮ್ಮನೇಲಿ ಹೇಳಿ. ನಾನೂ ನಿಮ್ಮ ಜೊತೆ ಕೂತ್ಕೋತೀನಿ."