ಎರಡು ಕೀಲಿಯ ಪೆಟ್ಟಿಗೆ

ಪೆಟ್ಟಿಗೆಯ ಎರಡೂ ಕೀಲಿ ಹಾಕಿದ ಹಾಗೇ ಇದ್ದವು. ಒಳಗಿನ ಹ್ಯಾಮರ್ ಮಾತ್ರ ಮಾಯವಾಗಿತ್ತು.

ನಿವೃತ್ತ ಫೌಜುದಾರ ಮುದಕಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗಣೇಶಗುಡಿಯಾಚೆಯ ಆ ಅರಣ್ಯ ಕಚೇರಿಗೆ ಬಂದ ಗೆಳೆಯ ಜ್ಯೋತಿಬಾನಿಗೆ ಬೇಸರ ಬಂದಿತ್ತು. ಒಂದು ಸುತ್ತಿಗೆಗಾಗಿ ಮಧ್ಯಾಹ್ನದ ನಿದ್ದೆ ಹಾಳು.

"ಅದು ಮೊಳಿ ಹೊಡಿಯೋ ಸುತ್ತಿಗಿ ಅಲ್ಲೋ," ಅಂದ ಮುದಕಪ್ಪ. "ಅದರ ಮೂತಿಮ್ಯಾಲ ಸರಕಾರದ ಅಕ್ಷರ ಅದಾವ. ಅದರ ಗುರುತು ಬೀಳದ ಒಂದ್ ಗಿಡಾನೂ ಕಡಿಯಂಗಿಲ್ಲ."

ಕಡಿಯಬೇಕಿದ್ದದ್ದು ಉಳವಿ ದಾರಿಯ ಪುಟ್ಟ ಊರೊಂದರ ತಲೆಯ ಮೇಲಿನ ಕಾಡು. ಮೇಲಿನವರ ಆಪ್ತನೊಬ್ಬನ ರೆಸಾರ್ಟಿಗೆ ದಾರಿ ಬೇಕಿತ್ತು. ಊರವರನ್ನು ಕೇಳಬೇಕು ಎಂದ ಅಧಿಕಾರಿಗಳೆಲ್ಲ ಎತ್ತಂಗಡಿಯಾಗಿದ್ದರು. ವಿಚಾರಣೆಗೆ ಬಂದು ಮುದಕಪ್ಪನನ್ನು ಕರೆಸಿದ್ದ ಮೇಲಧಿಕಾರಿ ವೀರೇಶ ಸಾಹೇಬರು ಕಣ್ಣುಜ್ಜಿಕೊಳ್ಳುತ್ತ ಹೇಳಿದ್ದಿಷ್ಟು: ಇವತ್ತು ಹ್ಯಾಮರ್ ಸಿಗಬೇಕು, ಇಲ್ಲವೇ ಕಳ್ಳ ಸಿಗಬೇಕು. ಎರಡೂ ಸಿಗದಿದ್ದರೆ ಗಾರ್ಡ್ ಸಾಬೀರ ಸಸ್ಪೆಂಡ್.

ಒಂದು ಕೀಲಿಕೈ ಸಾಬೀರನ ಬಳಿ, ಇನ್ನೊಂದು ವಲಯ ಅರಣ್ಯಾಧಿಕಾರಿ ದ್ರಾಕ್ಷಾಯಣಿಯವರ ಬಳಿ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ರಜೆಯ ಜಗಳದಲ್ಲಿ ಮಾತು ಬಿಟ್ಟು ವರ್ಷವಾಗಿತ್ತು. ಬೇರೆ ಬೇರೆಯಾಗಿ ಕೇಳಿದಾಗ ಅವನು ಅವರನ್ನು, ಅವರು ಅವನನ್ನು ದೂರಿದರು. ಕಾಳಿ ಹೊಳೆಗೇ ಒಗೆದಿರಬೇಕು ಎಂದರು ಇಬ್ಬರೂ.

ಅಡುಗೆಯ ಸಿದ್ದಕ್ಕ ಚಹಾ ತಂದಳು. ಸಕ್ಕರೆ ತೀರಿತ್ತಂತೆ, ಜೊತೆಗೆ ತೇರಗಾಂವದ ಬೆಲ್ಲ. ಜ್ಯೋತಿಬಾ ಬಾಯಿಗಿಡಬೇಕು, ಮುದಕಪ್ಪ ತುಂಡನ್ನು ಕಸಿದುಕೊಂಡ. ಅದರ ಬೆನ್ನಿಗೆ ಅರ್ಧಚಂದ್ರದಂಥ ಗೆರೆ ಒತ್ತಿ ಮೂಡಿತ್ತು, ನಡುವೆ ಬಾಲದಂಥದೇನೋ. ಇರುವೆ ಹರಿದಾಡಿದ್ದಿರಬೇಕು ಅಂದುಕೊಂಡ ಜ್ಯೋತಿಬಾ.

ಸಂಜೆಯ ಚಹಾಕ್ಕೆ ಎಲ್ಲರೂ ವರಾಂಡದಲ್ಲಿ ಸೇರಿದರು.

"ಕೀಲಿ ಮುರದಿಲ್ಲ. ಅಂದ್ರ ಎರಡೂ ಕೀಲಿಕೈ ಕೂಡ್ಯಾವ," ಅಂದ ಮುದಕಪ್ಪ. "ವೈರಿಗೋಳು ಕೂಡಿ ಕಳವು ಮಾಡಂಗಿಲ್ಲ ಅಂತ ನಾವು ತಿಳಕೊಂಡ್ವಿ. ಮಾತ ಆಡದವರ ಬಾಯಾಗ ಒಂದ ಹೊಳಿ ಹೆಂಗ ಬಂತು? ನಾವು ಹೊಳ್ಯಾಗ ಹುಡುಕ್ಲಿ ಅಂತ." ಬೆಲ್ಲದ ತುಂಡನ್ನು ಬೆಳಕಿಗೆ ಹಿಡಿದ. "ಇದು ಇರುವಿ ಹಾದಿ ಅಲ್ಲ, ಸರಕಾರಿ ಅಕ್ಷರ. ಸಿದ್ದಕ್ಕ, ಬೆಲ್ಲಾ ಒಡಿಯಾಕ ಆ ಸುತ್ತಿಗಿ ಯಾರು ಕೊಟ್ರವಾ?"

ಸಿದ್ದಕ್ಕ ಸೆರಗು ಬಾಯಿಗಿಟ್ಟುಕೊಂಡಳು.

"ಮುಚ್ಚಿಡು ಅಂತ ನಾನ ಕೊಟ್ಟಿದ್ದೆ," ಅಂದರು ದ್ರಾಕ್ಷಾಯಣಿ. "ಆ ಕಾಡ ಕಡಿಯೂದು ಕಾಯ್ದೆಕ್ಕ ಕೂಡಂಗಿಲ್ಲ ಅಂತ ಬರದ ಬರದ ಕಳಿಸಿದೆ ಸರ್. ಸುಮ್ನ ಮಾಡು ಅಂತ ತಿರುಗಿ ಬಂತು. ಸಾಕಾಗೈತಿ. ನನ್ನ ಹೆಸರೊಂದ ಬರಕೊಳ್ರಿ."

"ನನ್ನ ಕೀಲಿಕೈ ಇಲ್ದ ತಗದ್ರೇನ್ರಿ ಮೇಡಂ?" ಅಂದ ಸಾಬೀರ, ತಲೆ ಎತ್ತದೆ.

ವೀರೇಶ ಮುದಕಪ್ಪನ ಕೈಯಿಂದ ಬೆಲ್ಲ ತೆಗೆದುಕೊಂಡು ತಮ್ಮ ಚಹಾಕ್ಕೆ ಹಾಕಿ, ಪೂರಾ ಕರಗುವವರೆಗೆ ಚಮಚ ತಿರುಗಿಸಿದರು.

"ಶೋಧ ಜಾರಿಯಲ್ಲಿದೆ, ಹಂಗಂತ ಬರೀತೇನಿ," ಅಂದರು. "ಶೋಧ ಮುಗಿಯೂತನಕ ಸಸ್ಪೆಂಡೂ ಇಲ್ಲ, ಗಿಡಕ್ಕ ಗುರುತೂ ಇಲ್ಲ."

ಕಪ್ಪು ಖಾಲಿ ಮಾಡಿ, ಜೀಪಿನತ್ತ ನಡೆಯುತ್ತ ಸಿದ್ದಕ್ಕನಿಗೆ ಮೆಲ್ಲಗೆ ಹೇಳಿದರು: "ನಾಳಿಂದ ಬೆಲ್ಲಾ ಕೈಲೆ ಮುರಿಯವ್ವಾ."