ಏಳು ಖಾನೆಯ ಡಬ್ಬಿ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವಳ ಅತ್ತೆಗೆ ನಾಲ್ಕು ದಿನದಿಂದ ವಾಂತಿ, ಮನೆಯವರ ಗುರುತೂ ಸಿಗುತ್ತಿಲ್ಲ. ರಕ್ತದಲ್ಲಿ ವಿಟಮಿನ್ ಡಿ ಮಿತಿಮೀರಿ ಮೂತ್ರಪಿಂಡ ಕೈಕೊಡುತ್ತಿದೆ ಎಂದು ವೈದ್ಯರು ಬರೆದುಕೊಟ್ಟಿದ್ದರು. ಅದೇ ಬೀದಿಯ ಇನ್ನಿಬ್ಬರು ವಯಸ್ಸಾದವರೂ ಅದೇ ವಾರ್ಡಿನಲ್ಲಿದ್ದರು.

"ಮಾತ್ರೆ ಕೊಟ್ಟಿದ್ದು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ಸಿಸ್ಟರಕ್ಕ. ಹೆಸರಿಗಷ್ಟೇ ಸಿಸ್ಟರು, ಆಸ್ಪತ್ರೇಲಿ ಆಯಾ ಆಗಿದ್ರು. ಭಾನುವಾರ ಭಾನುವಾರ ಮನೆಮನೆಗೆ ಬಂದು ವಯಸ್ಸಾದವರ ಡಬ್ಬಿ ತುಂಬಿಸಿ ಹೋಗ್ತಾರೆ. ಪುಕ್ಕಟೆ."

ಎಫ್‌ಐಆರ್ ದಾಖಲಾಯಿತು. ಉಳಿದ ಮನೆಗಳಲ್ಲಿ ಜನ ಇನ್ನೂ ಅದನ್ನೇ ನುಂಗುತ್ತಿದ್ದರು. ಮೊದಲು ಡಬ್ಬಿಗಳನ್ನು ಕಿತ್ತುಕೊಳ್ಳಬೇಕಿತ್ತು. ತಲೆನೋವು ಶುರುವಾಗಿದ್ದೇ ಅಲ್ಲಿ.

ಮೊದಲ ಮನೆಯ ನಿವೃತ್ತ ಹೆಡ್‌ಮಾಸ್ತರರು ಏಳು ಖಾನೆಯ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತರು.

"ಕೊಡಿ ಸಾರ್."

"ಇದು ವಿಷ ಅಲ್ಲಪ್ಪಾ, ವಿಟಮಿನ್ನು. ಕಳ್ಳರನ್ನ ಬಿಟ್ಟು ಮಾತ್ರೆ ಹಿಡಿಯೋಕೆ ಬಂದ್ರಾ?"

"ಪಕ್ಕದ ಮನೆಯವರು ಇದನ್ನ ತಿಂದೇ ಆಸ್ಪತ್ರೆ ಸೇರಿರೋದು."

"ಅವರು ಕರಿದಿದ್ದು ಜಾಸ್ತಿ ತಿಂತಾರೆ."

ಮೂರನೇ ಮನೆಯ ಅಜ್ಜಿ ಪೊಲೀಸರನ್ನು ಕಂಡಿದ್ದೇ ತಡ, ಅವತ್ತಿನ ಮಾತ್ರೆಯನ್ನು ಬಾಯಿಗೆ ಹಾಕಿ ನೀರು ಕುಡಿದುಬಿಟ್ಟಳು. ಸುಮ್ಮನೆ ದಂಡ ಆಗಬಾರದಂತೆ. ಮಹಿಳಾ ಪೇದೆ ಹಣೆ ಚಚ್ಚಿಕೊಂಡಳು. "ಇವರಿಗೇನು ಸಾರ್ ಇಷ್ಟು ಅವಸರ?"

ಮಧ್ಯಾಹ್ನ 2.40ರ ಹೊತ್ತಿಗೆ ಒಂಬತ್ತು ಡಬ್ಬಿ ಸಿಕ್ಕವು. ಔಷಧಿ ಅಂಗಡಿಯವನು ಒಂದನ್ನು ತೆರೆದು ನೋಡಿದ.

"ಈ ಹಳದಿ ಮಾತ್ರೆ ವಾರಕ್ಕೊಂದು ತಗೊಳ್ಳೋದು. ಇಲ್ಲಿ ದಿನಕ್ಕೊಂದಿದೆ."

"ಗೊತ್ತಿಲ್ಲದೆ ಹಾಕಿರಬಹುದಾ?"

"ಮಾತ್ರೆ ಹಾಳೆ ಹಿಂದೇನೇ 'ವಾರಕ್ಕೆ ಒಂದು' ಅಂತ ಅಚ್ಚು ಹಾಕಿರ್ತಾರಲ್ಲ ಸಾರ್."

3.30ಕ್ಕೆ ಸಿಸ್ಟರಕ್ಕನ ಕೋಣೆ. ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬ, ಅದರ ತುಂಬ ಮಾತ್ರೆ ಹಾಳೆಗಳಿಂದ ಕತ್ತರಿಸಿದ ಚೂರುಗಳು. ಪ್ರತಿಯೊಂದರ ಮೇಲೂ 'ವಾರಕ್ಕೆ ಒಂದು'. ಪಂಚನಾಮೆಯಲ್ಲಿ ಎಲ್ಲವನ್ನೂ ನಮೂದಿಸಲಾಯಿತು.

"ಡಬ್ಬಿಗೆ ಹಾಕೋ ಮುಂಚೆ ಇದನ್ನ ಯಾಕೆ ಕತ್ತರಿಸಿದ್ರಿ?"

"ಕಂಡಿದ್ರೆ ವಾರಕ್ಕೊಂದೇ ನುಂಗ್ತಿದ್ರು."

ಇನ್ಸ್‌ಪೆಕ್ಟರರ ತಾಳ್ಮೆ ಅಲ್ಲಿಗೆ ಮುಗಿಯಿತು. "ಮೂರು ಜನ ಮಲಗಿದ್ದಾರಲ್ಲ ತಾಯಿ. ಏನು ಸಾಧಿಸಿದ ಹಾಗಾಯ್ತು?"

"ಯಾರೂ ಬಿದ್ದು ಸೊಂಟ ಮುರ್ಕೊಂಡಿಲ್ಲವಲ್ಲ."

4.10ಕ್ಕೆ ಬಂಧನ. ಹೇಳಿಕೆ ಅರ್ಧ ಪುಟಕ್ಕೇ ಮುಗಿಯಿತು. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಅದೇ ಮಂಚದ ಮೇಲೆ ಹನ್ನೊಂದು ತಿಂಗಳು ಮಲಗಿ ತೀರಿಕೊಂಡಿದ್ದಳು. ಬೀಳುವ ಮುಂಚೆ, ಮೂಳೆ ಗಟ್ಟಿಯಾಗಲೆಂದು ವೈದ್ಯರು ಹೇಳಿದಂತೆ ವಾರಕ್ಕೊಂದೇ ಮಾತ್ರೆ ಕೊಟ್ಟಿದ್ದಳು ಮಗಳು, ಒಂದು ವಾರವೂ ತಪ್ಪಿಸಿರಲಿಲ್ಲ. ಅಷ್ಟು ಸಾಲಲಿಲ್ಲ ಎಂದು ಅವಳಷ್ಟಕ್ಕೆ ಅವಳೇ ತೀರ್ಮಾನಿಸಿದ್ದಳು.

ಸಹಿ ಹಾಕುವ ಮುಂಚೆ, ದೂರು ಕೊಟ್ಟವಳ ಅತ್ತೆಯ ಬಗ್ಗೆ ಒಂದೇ ಮಾತು ಕೇಳಿದಳು.

"ಆ ಅಮ್ಮ ನಡೀತಾರಾ?"

"ಸೊಂಟಕ್ಕೇನೂ ಆಗಿಲ್ಲ," ಎಂದರು ಇನ್ಸ್‌ಪೆಕ್ಟರ್. "ಡಯಾಲಿಸಿಸ್‌ಗೆ ಮಲಗಿಸಿದ್ದಾರೆ."

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.